ಬಾವಿಗಳಿಗೆ ಪರೀಕ್ಷೆ ಇಟ್ಟ ಮೇಡಂ

ನೀರಿನ ವಿಷಯ ಓದಿ ದೊಡ್ಡವರಾದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ನೀರು ಎಲ್ಲಿಂದ ಬರುತ್ತದೆ ಎಂದು ಬಲ್ಲವರಿದ್ದಾರೆ, ಎಲ್ಲಿಗೆ ಹೋಗುತ್ತದೆ ಎಂದು ಬಲ್ಲವರೂ ಇದ್ದಾರೆ. ಆದರೆ ಒಂದು ಲೋಟ ನೀರನ್ನು ಕೈಗೆ ಕೊಟ್ಟರೆ ಅದನ್ನು ಬೆಳಕಿಗೆ ಹಿಡಿದು, ಈ ಕಡೆಯಿಂದ ನೋಡಿ, ಆ ಕಡೆಯಿಂದ ನೋಡಿ, ಮೂಸಿ, ಅಲುಗಿಸಿ, ಕೊನೆಗೆ ಕೊಟ್ಟವರನ್ನೇ "ಇದು ಎಲ್ಲಿಯದು?" ಎಂದು ವಿಚಾರಿಸಿ, ಅಷ್ಟು ಹೊತ್ತಿಗೆ ಬಾಯಾರಿಕೆಯೇ ಮರೆತುಹೋಗಿ ಲೋಟವನ್ನು ಹಾಗೆಯೇ ಮೇಜಿನ ಮೇಲಿಟ್ಟು ಎದ್ದು ಹೋಗುವವರು ನಮ್ಮ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಮೇಡಂ ಒಬ್ಬರೇ. ಈ ತಿಂಗಳು ನಿವೃತ್ತರಾಗುತ್ತಿರುವ ಅವರ ವಿದ್ವತ್ತನ್ನು ಕುರಿತು ಈ ಅಭಿನಂದನಾ ಸಂಪುಟದಲ್ಲಿ ಓದಿಕೊಂಡವರು ಬರೆದಿದ್ದಾರೆ. ಗುಡ್ಡದ ಕೆಳಗಿನ ಬೀದಿಯವರ ಪಾಲಿಗೆ ಬಂದದ್ದು ನೆರೆ ಬಂದ ವರ್ಷದ ಕಥೆ. ಇದರಲ್ಲಿ ಉಪ್ಪು ಖಾರ ಒಂದು ಚೂರು ಹೆಚ್ಚಾಗಿ ಕಂಡರೆ ಹಿರಿಯರು ಮನ್ನಿಸಬೇಕು. ನಮ್ಮ ಬೀದಿಯಲ್ಲಿ ಕಥೆಯೊಂದು ಒಂದು ಬಾಯಿಂದ ಇನ್ನೊಂದು ಬಾಯಿಗೆ ದಾಟುವಾಗ ಯಾರೂ ಅದನ್ನು ಬರಿಗೈಯಲ್ಲಿ ಕಳಿಸುವುದಿಲ್ಲ.

ಮೇಡಂ ಕೆಲಸಕ್ಕೆ ಸೇರಿದ ಹೊಸದರಲ್ಲೇ ಅವರಿಗೆ "ಯಾಕೆ ಮೇಡಂ" ಎಂದು ಹೆಸರು ಬಿದ್ದಿತ್ತು. ಬಂದ ದಿನವೇ ಗೇಟಿನ ಕಾವಲುಗಾರನನ್ನು ನಿಲ್ಲಿಸಿ, "ಈ ಗೇಟಿನ ಎಡಗಡೆ ಬಾಗಿಲು ಬಲಗಡೆಗಿಂತ ಜಾಸ್ತಿ ತುಕ್ಕು ಹಿಡಿದಿದೆಯಲ್ಲ, ಯಾಕೆ?" ಎಂದು ಕೇಳಿದರಂತೆ. ತಲೆ ನರೆಯುವವರೆಗೂ ಆ ಗೇಟನ್ನು ಕಾದಿದ್ದ ಆತ ಅವತ್ತೇ ಮೊದಲ ಬಾರಿಗೆ ತಿರುಗಿ ಅದರ ಮುಖ ನೋಡಿದ. ಆಮೇಲೆ ಒಂದು ವಾರ ಬಂದವರನ್ನು ಬಿಟ್ಟು ಗೇಟನ್ನೇ ನೋಡುತ್ತಾ ನಿಂತಿದ್ದನಂತೆ, ಆ ವಾರ ವಿಶ್ವವಿದ್ಯಾಲಯಕ್ಕೆ ದನಗಳೂ ದಾಖಲಾದವು ಎಂದು ಹೇಳುವವರಿದ್ದಾರೆ.

ಆದರೆ ಆ "ಯಾಕೆ" ಬರೀ ಬಾಯಿ ಚಪಲದ ಮಾತಾಗಿರಲಿಲ್ಲ. ಪ್ರಯೋಗಾಲಯದ ಅಟೆಂಡರು ತಕ್ಕಡಿಯ ಮುಳ್ಳಿಗೆ ಮೂಗು ತಾಗಿಸಿಕೊಂಡು ತೂಕ ನೋಡುವುದನ್ನು ಇತರರೂ ಕಂಡಿದ್ದರು, ನಕ್ಕಿದ್ದರು. ಮೇಡಂ ಮಾತ್ರ ಯಾಕೆ ಎಂದು ಕೇಳಿದರು. ಕಣ್ಣಿನ ವಿಷಯ ಗೊತ್ತಾದರೆ ಕೆಲಸ ಹೋಗಬಹುದೆಂದು ಆತ ಹೆದರಿದ್ದ. "ನಿಮಗೋಸ್ಕರ ಅಲ್ಲ, ನಮ್ಮ ತಕ್ಕಡಿಗೋಸ್ಕರ" ಎಂದು ಹೇಳಿ ತಾವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕನ್ನಡಕ ಹಾಕಿಸಿದರು. ಹೊಸ ಕನ್ನಡಕದಲ್ಲಿ ಆತ ಮೊದಲು ನೋಡಿದ್ದು ಮೇಡಂ ಅವರ ಕೋಟಿನ ಮೇಲಿದ್ದ ಆಸಿಡ್ಡಿನ ತೂತುಗಳನ್ನು. "ಇಷ್ಟು ವರ್ಷ ಅದು ಡಿಸೈನು ಅಂದ್ಕೊಂಡಿದ್ದೆ ಮೇಡಂ" ಎಂದನಂತೆ.

ಇಂಥವರು ಇರುವಾಗ ನೆರೆ ಬಂತು.

ನದಿ ಬೀದಿಗೆ ಬಂದದ್ದು ಹಾಡಹಗಲಲ್ಲಿ. ನೀರು ಎಷ್ಟು ಏರಿತ್ತೆಂದರೆ ಮೀನುಗಳು ಅಂಚೆ ಡಬ್ಬದೊಳಗೆ ಇಣುಕಿ ತಮಗೇನಾದರೂ ಕಾಗದ ಬಂದಿದೆಯೇ ಎಂದು ವಿಚಾರಿಸಿಕೊಂಡು ಹೋದವು. ಜನ ಗುಡ್ಡ ಹತ್ತಿ ವಿಶ್ವವಿದ್ಯಾಲಯದ ತರಗತಿಗಳಲ್ಲಿ ಮಲಗಿದರು. ನೀರು ಇಳಿದ ಮೇಲೆ ಕೆಳಗೆ ಬಂದು ನೋಡಿದರೆ ಮನೆ ತುಂಬ ಕೆಸರು. ವಿಶ್ವವಿದ್ಯಾಲಯ ತಾನೂ ಹಿಂದೆಯೇ ಇಳಿದು ಬಂತು. ವ್ಯಾಯಾಮದ ವಿಭಾಗದ ಹುಡುಗರು ಗುದ್ದಲಿ ಹಿಡಿದರು, ಇಂಜಿನಿಯರಿಂಗ್‌ನವರು ಪಂಪು ತಂದರು, ಬೇರೇನೂ ಬಾರದ ಸಾಹಿತ್ಯದ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಬೀದಿಯ ಬಟ್ಟೆ ಹೊಲಿಯುವ ಟೈಲರಕ್ಕನ ಮನೆಯ ಕೆಸರು ಗುಡಿಸಿದರು. ಆದರೆ ಕುಡಿಯುವ ನೀರಿನ ಗತಿ ಏನು? ಊರಿನ ನಲ್ಲಿ ಕೆಟ್ಟಿತ್ತು, ರಸ್ತೆ ಕೊಚ್ಚಿಹೋಗಿ ಟ್ಯಾಂಕರು ಬರುವಂತಿರಲಿಲ್ಲ. ಗುಡ್ಡದ ಮೇಲಿನ ಕೊಳವೆಬಾವಿ ಜನರೇಟರಿನ ಡೀಸೆಲ್ ಇರುವಷ್ಟು ಹೊತ್ತು ಮಾತ್ರ ಓಡುತ್ತಿತ್ತು, ಅದರ ನೀರು ಬಾಣಂತಿಯರಿಗೂ ಹಸುಗೂಸುಗಳಿಗೂ ಸರಿಹೋಗುತ್ತಿತ್ತು. ಉಳಿದವರಿಗೆ ಹಿತ್ತಲ ಬಾವಿಗಳೇ ದಿಕ್ಕು. ಆ ಬಾವಿಗಳಿಗೆ ಊರಿನ ಚರಂಡಿಯೆಲ್ಲ ಇಳಿದಿತ್ತು. ಕುದಿಸೋಣವೆಂದರೆ ಸೌದೆಯೆಲ್ಲ ನೆನೆದು ಮುದ್ದೆ. ಯಾವ ಬಾವಿಯ ನೀರು ಮಕ್ಕಳ ಹೊಟ್ಟೆಗೆ ಹೋಗಬಹುದು, ಯಾವುದು ಹೋಗಬಾರದು ಎಂದು ಹೇಳುವವರು ಬೇಕಾಗಿತ್ತು.

ಮೇಡಂ ಆ ಹೊಣೆ ಹೊತ್ತರು. ಮನೆಗೊಂದು ಬಾಟಲಿ ಕೊಟ್ಟು, ಬಾವಿಯ ನೀರು ತುಂಬಿಸಿಕೊಂಡು ಗುಡ್ಡಕ್ಕೆ ತನ್ನಿ ಎಂದರು. ಆ ನೀರಿಗೆ ಒಂದು ಔಷಧಿ ಬೆರೆಸಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟರೆ, ಚರಂಡಿ ಸೇರಿದ ನೀರು ಮಾರನೆಯ ದಿನಕ್ಕೆ ಕಪ್ಪಾಗುತ್ತದೆ. ಒಳ್ಳೆಯ ನೀರು ಹಾಗೇ ಇರುತ್ತದೆ. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ವಿಶ್ವವಿದ್ಯಾಲಯದವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಆದದ್ದು ಇದರ ಮುಂದೆ. ಬಂದ ಫಲವನ್ನು ಜನಕ್ಕೆ ತಿಳಿಸಬೇಕಲ್ಲ? ಅಲ್ಲಿಯವರಿಗೆ ಫಲಿತಾಂಶ ತಿಳಿಸುವುದು ಎಂದರೆ ಗೊತ್ತಿದ್ದದ್ದು ಒಂದೇ ಬಗೆ. ಪರೀಕ್ಷಾ ವಿಭಾಗದ ಗುಮಾಸ್ತರು ಪ್ರತಿ ಬಾವಿಗೂ ನೋಂದಣಿ ಸಂಖ್ಯೆ ಕೊಟ್ಟು, ಗೇಟಿನ ಪಕ್ಕದ ಬೋರ್ಡಿನಲ್ಲಿ ಮನೆಯವರ ಹೆಸರಿನ ಮುಂದೆ ದೂರದ ದಿಬ್ಬದ ಮೇಲಿನ ಕೆಲವಕ್ಕೆ ನೀಲಿ ಇಂಕಿನಲ್ಲಿ "ತೇರ್ಗಡೆ" ಎಂದೂ ಉಳಿದವಕ್ಕೆ ಕೆಂಪು ಇಂಕಿನಲ್ಲಿ "ಅನುತ್ತೀರ್ಣ" ಎಂದೂ ಬರೆದು ಅಂಟಿಸಿದರು. ತುಂಬ ಚೆನ್ನಾಗಿ ಬಂದ ನೀರಿಗೆ "ಪ್ರಥಮ ದರ್ಜೆ" ಎಂದೂ ಸೇರಿಸಿದರು. ಮೇಡಂ ಬಾಟಲಿಗಳ ನಡುವೆ ಮುಳುಗಿದ್ದವರು ತಲೆ ಎತ್ತದೆ ಸಹಿ ಹಾಕಿದರು.

ಬೀದಿ ಹೊತ್ತಿಕೊಂಡು ಉರಿಯಿತು. ಮನೆ ಕೊಚ್ಚಿಹೋದಾಗ ಅಳದವರು ಬಾವಿ ಫೇಲಾದದ್ದಕ್ಕೆ ಕಣ್ಣೊರೆಸಿಕೊಂಡರು. ಒಬ್ಬ ಅಜ್ಜ ಗುಡ್ಡ ಹತ್ತಿ ಬಂದು ತಮ್ಮ ಬಾವಿ ಹಳೆಯದು, ವಯಸ್ಸಿಗೆ ಮರ್ಯಾದೆ ಕೊಟ್ಟು ನಾಲ್ಕು ಗ್ರೇಸ್ ಮಾರ್ಕು ಹಾಕಿ ದಾಟಿಸಬೇಕೆಂದು ಕೈ ಮುಗಿದರು. ಟೈಲರಕ್ಕ ಸೀದಾ ಪ್ರಯೋಗಾಲಯಕ್ಕೆ ನುಗ್ಗಿದಳು.

"ನಮ್ಮ ಬಾವಿ ಯಾವ ಪ್ರಶ್ನೆಗೆ ತಪ್ಪು ಉತ್ತರ ಬರೀತು, ಅದನ್ನ ಹೇಳಿ ಮೇಡಂ."

ಅಲ್ಲೇ ಇದ್ದ ಗುಮಾಸ್ತರು ಅಭ್ಯಾಸಬಲದಿಂದ, "ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಮ್ಮ" ಎಂದುಬಿಟ್ಟರು. ಸಂಜೆಯೊಳಗೆ ಅರ್ಧ ಬೀದಿ ಅರ್ಜಿ ಹಾಕಿತು.

ಟೈಲರಕ್ಕನ ಗೋಡೆಗೆ ಗೋಡೆ ತಾಗಿದ್ದದ್ದು ಬೇಕರಿ ಮಾವನ ಅಂಗಡಿ. ರಕ್ತಸಂಬಂಧ ಯಾವುದೂ ಇಲ್ಲ, ಆದರೆ ಬೀದಿಗೆಲ್ಲ ಆತ ಮಾವನೇ. ಇಬ್ಬರಿಗೂ ದಿನಕ್ಕೊಂದು ಸಲ ಕಾಲೆಳೆದುಕೊಳ್ಳದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಮಾವ ಗೋಡೆಯ ಮೇಲಿಂದ ಕತ್ತು ಚಾಚಿ, "ಓದಿಸಬೇಕಿತ್ತು ಕಣಮ್ಮ ಬಾವೀನ. ಬರೀ ಬಟ್ಟೆ ಒಗ್ಸಿದ್ರೆ ಪಾಸಾಗುತ್ತಾ?" ಎಂದ.

"ನಿಮ್ಮದಿನ್ನೂ ಪರೀಕ್ಷೆಗೇ ಕೂತಿಲ್ಲ ಮಾವ. ಆಮೇಲೆ ಮಾತಾಡಿ."

"ನಮ್ಮಪ್ಪ ತೋಡಿದ ಬಾವಿ. ಅದು ಕೂರೋದೂ ಬೇಡ, ನಿಂತ್ಕೊಂಡೇ ಪಾಸಾಗುತ್ತೆ."

ಮಾರನೆಯ ದಿನ ಮಾವ ಬಾಟಲಿ ತೆಗೆದುಕೊಂಡು ಗುಡ್ಡ ಹತ್ತಿದ. ಅದರ ಮರುದಿನ ಬೋರ್ಡಿನಲ್ಲಿ ಆತನ ಹೆಸರಿನ ಮುಂದೆ ನೀಲಿ ಇಂಕು: ಪ್ರಥಮ ದರ್ಜೆ. ಮತ್ತೊಮ್ಮೆ ತಂದ ಬಾಟಲಿಗೂ ಅದೇ ಫಲ. ಇಡೀ ಬೀದಿ ಕೊಡ ಎತ್ತಿಕೊಂಡು ಬೇಕರಿಯ ಮುಂದೆ ಸಾಲು ನಿಂತಿತು. ಮಾವ ಮಾತ್ರ ಯಾರನ್ನೂ ಹಿತ್ತಲಿಗೆ ಬಿಡಲಿಲ್ಲ. "ಫಸ್ಟ್ ಕ್ಲಾಸ್ ಬಾವಿ, ಎಲ್ಲರೂ ಕೈ ಹಾಕಬೇಡಿ, ನಾನೇ ತಂದು ಕೊಡ್ತೀನಿ" ಎಂದು ಒಳಗಿಂದ ಹಂಡೆಗಟ್ಟಲೆ ಹೊತ್ತು ತಂದು ಕೊಡ ತುಂಬಿಸಿದ. ನೀರು ಉಗುರುಬೆಚ್ಚಗಿತ್ತು. ಯಾಕೆ ಎಂದು ಕೇಳಿದವರಿಗೆ, "ನಮ್ಮ ಬಾವಿಯಲ್ಲಿ ಹಂಗೇ ಬರುತ್ತೆ" ಎಂದು ಮುಖ ಬೇರೆ ಕಡೆ ತಿರುಗಿಸಿದ.

ಈ ಸುದ್ದಿ ಗುಡ್ಡದ ಮೇಲೆ ತಲುಪಿದಾಗ ಮೇಡಂ ಕೈಯಲ್ಲಿದ್ದ ಟೀ ಆರಿ ತಣ್ಣಗಾಯಿತು. ನೆರೆಯಲ್ಲಿ ಮುಳುಗಿದ ಬೀದಿಯ ನಡುಮಧ್ಯದಲ್ಲಿ ಒಂದೇ ಒಂದು ಬಾವಿ ಶುದ್ಧವಾಗಿ ಉಳಿಯುವುದು ಹೇಗೆ? ಎಲ್ಲ ಬಾವಿಗಳ ನೀರನ್ನೂ ಒಂದೊಂದು ಹನಿ ಗಾಜಿನ ಮೇಲೆ ಬಿಟ್ಟು ಒಣಗಿಸಿದರು. ಬೇರೆಯವು ಗುರುತಿಲ್ಲದಂತೆ ಆರಿಹೋದವು. ಬೇಕರಿಯ ಹನಿ ಮಾತ್ರ ಸುಣ್ಣದ ಉಂಗುರದಂತೆ ಬೆಳ್ಳಗೆ ಕಲೆ ಬಿಟ್ಟಿತು. ಅಂದರೆ ಈ ನೀರಿನ ಮೂಲವೇ ಬೇರೆ.

ಕಲ್ಲು ಮಣ್ಣು ಓದಿಸುವ ಮೇಷ್ಟ್ರಿಗೆ ಹೇಳಿ ಕಳಿಸಿದರು. ಬೆಚ್ಚಗಿದೆ, ಸುಣ್ಣವಿದೆ ಎಂದು ಕೇಳಿದ್ದೇ ತಡ ಅವರ ಕಿವಿ ನೆಟ್ಟಗಾದವು.

"ಮೇಡಂ, ಇದು ಬಿಸಿನೀರಿನ ಬುಗ್ಗೆ. ಭೂಮಿಯ ಹೊಟ್ಟೆಯಿಂದ ನೇರವಾಗಿ ಬೇಕರಿ ಹಿತ್ತಲಿಗೆ ಬರ್ತಿದೆ."

"ಇಷ್ಟು ವರ್ಷ ಯಾಕೆ ಬರಲಿಲ್ಲ?"

"ದಾರಿ ಸಿಕ್ಕಿರಲಿಲ್ಲ."

ಅಲ್ಲೇ ಕೂತಿದ್ದ ಚರಿತ್ರೆಯ ಮೇಷ್ಟ್ರು ಬಿಡುತ್ತಾರೆಯೇ? ಹಿಂದೆ ಯಾರೋ ರಾಣಿ ಸ್ನಾನಕ್ಕೆಂದು ತೋಡಿಸಿದ ಸುರಂಗ ಅದರ ಕೆಳಗೆ ಇದ್ದೇ ಇರಬೇಕು ಎಂದರು. ಯಾವ ರಾಣಿ ಎಂದು ಮೇಡಂ ಕೇಳಿದಾಗ, ಸ್ನಾನ ಮಾಡುವ ರಾಣಿ ಯಾರಾದರೂ ಆಗಬಹುದು ಎಂದರು. ಎರಡು ದಿನ ವಿಶ್ವವಿದ್ಯಾಲಯದಲ್ಲಿ ಇದೇ ಮಾತು. ಕಲ್ಲು ಮೇಷ್ಟ್ರು ಪ್ರಬಂಧದ ಮೊದಲ ಪುಟವನ್ನೂ ಬರೆದುಬಿಟ್ಟರು. ಪರೀಕ್ಷಾ ಕೋಣೆಯಲ್ಲಿ ಹುಡುಗನೊಬ್ಬ ಕಾಲು ಅಲುಗಿಸಿದರೂ ಕಾಲುಚೀಲ ಬಿಚ್ಚಿಸಿ ನೋಡುವ ಅಷ್ಟೂ ಜನ ಮೇಷ್ಟ್ರುಗಳಲ್ಲಿ ಒಬ್ಬರ ತಲೆಗೂ ಬೇರೆ ಯೋಚನೆ ಹೊಳೆಯಲಿಲ್ಲ.

ಮೇಡಂ ಅವರಿಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಗುಡ್ಡ ಇಳಿದು ಬೇಕರಿಗೆ ಬಂದರು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಒಳಕೋಣೆಯಲ್ಲಿ ದೊಡ್ಡ ಒಲೆ ಇನ್ನೂ ಕೆಂಪಗಿತ್ತು, ಆದರೆ ಬ್ರೆಡ್ಡಿನ ವಾಸನೆ ಇರಲಿಲ್ಲ. ತಟ್ಟೆಗಳ ಮೇಲೆ ಧೂಳು. ಅಟ್ಟದ ಮೇಲೆ ಸೌದೆ ಇಡುವ ಜಾಗ ಖಾಲಿ. ಬ್ರೆಡ್ಡು ಸುಡದ ಬೇಕರಿಯಲ್ಲಿ ಒಲೆ ಯಾಕೆ ಉರಿಯುತ್ತದೆ ಎಂದುಕೊಳ್ಳುತ್ತಾ ಹಿತ್ತಲಿಗೆ ಹೋದರು.

ಮಾವ ಬಾವಿಕಟ್ಟೆಯ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದ. ಇವರನ್ನು ಕಂಡದ್ದೇ ಎದ್ದು ನಿಂತ.

"ನಿಮ್ಮ ಬಾವಿ ನೋಡೋಣ ಅಂತ ಬಂದೆ ಯಜಮಾನ್ರೇ. ಒಂದು ಲೋಟ ಕೊಡ್ತೀರಾ?"

"ಒಳಗೆ ಬನ್ನಿ ಮೇಡಂ, ಹಂಡೇಲಿದೆ, ಕೊಡ್ತೀನಿ."

"ಹಂಡೇದು ಬೇಡ. ಬಾವೀದೇ ಬೇಕು." ಮೇಡಂ ತಾವೇ ಹಗ್ಗ ಹಿಡಿದು ಒಂದು ಬಿಂದಿಗೆ ಸೇದಿದರು. ನೀರಿಗೆ ಬೆರಳು ಅದ್ದಿದರು. ಕೊರೆಯುವಷ್ಟು ತಣ್ಣಗಿತ್ತು. "ಬಿಸಿ ಎಲ್ಲಿ ಹೋಯ್ತು?"

ಮಾವ ಹಗ್ಗ ಸುತ್ತಿಡತೊಡಗಿದ. ಮೇಡಂ ಕಟ್ಟೆಯ ಮೇಲಿದ್ದ ಲೋಟಕ್ಕೆ ನೀರು ಬಗ್ಗಿಸಿಕೊಂಡು, ಬೆಳಕಿಗೆ ಹಿಡಿದು, ಈ ಕಡೆಯಿಂದ ನೋಡಿ, ಆ ಕಡೆಯಿಂದ ನೋಡಿ, ರುಚಿಯಾದರೂ ಏನೆಂದು ತಿಳಿಯೋಣವೆಂದು ತುಟಿಯವರೆಗೆ ತಂದರು. ಮಾವ ಹದ್ದಿನಂತೆ ಎರಗಿ ಲೋಟ ಕಿತ್ತುಕೊಂಡ. ನೀರೆಲ್ಲ ಮೇಡಂ ಅವರ ಸೀರೆಯ ಮೇಲೆ ಚೆಲ್ಲಿತು.

"ಬೇಡ ಮೇಡಂ. ಅದು ಫೇಲಾದ ನೀರು."

"ಒಂದ್ಸಲವೂ ಕಪ್ಪಾಗಿಲ್ಲವಲ್ಲ. ನಾನೇ ನೋಡಿದ್ದೀನಿ."

"ನೀವು ನೋಡಿದ್ದು ನಿಮ್ಮದೇ ಕೊಳವೆಬಾವಿ ನೀರು. ನಿಮ್ಮ ಬಾಗಿಲ ಮುಂದೆ, ಹೂವಿನ ಗಿಡಕ್ಕೆ ಬಿಡ್ತಾರಲ್ಲ, ಆ ನಲ್ಲೀದು."

ಮೇಡಂ ಬಾಯಿಂದ ಅವರ ಹಳೆಯ ಮಾತೇ ಬಂತು. "ಯಾಕೆ?"

ಮಾವ ಕಟ್ಟೆಯ ಮೇಲೆ ಕೂತುಕೊಂಡ. "ಪಕ್ಕದ ಮನೆ ಟೈಲರ್ ಹುಡುಗೀನ ಆಡ್ಕೊಂಡಿದ್ದೆ. ಗುಡ್ಡ ಹತ್ತಿ ಆ ಬೋರ್ಡು ನೋಡ್ದೆ. ನಮ್ಮಪ್ಪ ಕೈಯಾರೆ ತೋಡಿದ ಬಾವಿ ಮೇಡಂ. ಅದರ ಮುಂದೆ ಕೆಂಪು ಇಂಕು ಬಿದ್ರೆ ಮುಖ ಎಲ್ಲಿಟ್ಕೊಳ್ಳಲಿ? ತಂದ ನೀರು ಚೆಲ್ಲಿ ನಲ್ಲಿ ತಿರುಗಿಸ್ದೆ. ಪಾಸಾದ ಮೇಲೆ ಇಡೀ ಬೀದಿ ಕೊಡ ಹಿಡ್ಕೊಂಡು ಬಂತು. ಹಸೀ ನೀರು ಕೊಟ್ಟು ಯಾವ ಮಗೂಗಾದ್ರೂ ಹೆಚ್ಚುಕಡಿಮೆ ಆದ್ರೆ? ಅದಕ್ಕೇ ಕುದಿಸಿ ಕೊಟ್ಟೆ."

"ಅಷ್ಟೂ ಜನಕ್ಕಾ?"

"ಬ್ರೆಡ್ಡು ನಿಲ್ಲಿಸಿ ನೀರನ್ನೇ ಬೇಯಿಸ್ದೆ. ಅಟ್ಟದ ಮೇಲಿನ ಸೌದೆ ಒಣಗಿತ್ತು, ಅದೂ ಇವತ್ತಿಗೆ ಮುಗೀತು. ಸಂಜೆ ಕೊಡಗಳು ಬರ್ತವೆ ಮೇಡಂ. ಏನ್ ಕೊಡ್ಲಿ?"

ಮೇಡಂ ಅವನ ಪಕ್ಕದಲ್ಲೇ ಕೂತರು. ಪ್ರಯೋಗಾಲಯದ ಟೀ ಕೆಟಲಿನ ತಳದಲ್ಲಿ ಬೆಳ್ಳಗೆ ಕಟ್ಟಿದ ಸುಣ್ಣ ಅವರ ಕಣ್ಣ ಮುಂದೆ ಬಂತು. ದಿನವೂ ಅದನ್ನು ಕೆರೆದು ಟೀ ಮಾಡಿಸಿಕೊಳ್ಳುತ್ತಿದ್ದವರು ಅವರೇ. ಭೂಮಿಯ ಹೊಟ್ಟೆಯಲ್ಲಿ ಹುಡುಕಿದ ಉಂಗುರ ಮೂಗಿನ ಕೆಳಗಿನ ಕೆಟಲಿನಲ್ಲಿತ್ತು. ಸೀರೆಯ ಒದ್ದೆ ಹಿಂಡುತ್ತಾ ಅವರು ಹೇಳಿದ್ದು ಇಷ್ಟು: "ತಪ್ಪು ನಮ್ಮದು ಯಜಮಾನ್ರೇ. ಬಾವಿಗೆ ಪರೀಕ್ಷೆ ಇಟ್ಟೋರು ನಾವು. ಪರೀಕ್ಷೆ ಅಂತ ಇಟ್ರೆ ಕಾಪಿ ಹೊಡೀತಾರೆ ಅನ್ನೋದು ನಮಗಲ್ಲದೆ ಇನ್ಯಾರಿಗೆ ಗೊತ್ತಿರಬೇಕಿತ್ತು? ಆದ್ರೆ ಕೊಡ ಬರೋದ್ರೊಳಗೆ ಬೀದಿಗೆ ಗೊತ್ತಾಗ್ಬೇಕು. ನಾನು ಹೇಳ್ಲಾ?"

"ಬೇಡ. ನಾನೇ ಹೇಳ್ತೀನಿ."

ಸಂಜೆ ಸಾಲು ನಿಂತಾಗ ಮಾವ ಬೇಕರಿಯ ಮೆಟ್ಟಿಲ ಮೇಲೆ ನಿಂತು, ತನ್ನ ಬಾವಿ ಫೇಲೆಂದೂ ತಾನು ಕಾಪಿ ಹೊಡೆದೆನೆಂದೂ, ಇಷ್ಟು ದಿನ ಕೊಟ್ಟದ್ದು ಕುದಿಸಿದ ನೀರೆಂದೂ ಹೇಳಿದ. ಕೊಡಗಳು ಸೊಂಟದಿಂದ ಕೆಳಗಿಳಿದವು. ಎಲ್ಲರೂ ಟೈಲರಕ್ಕನ ಬಾಯಿ ನೋಡಿದರು. ಆಕೆ ಖಾಲಿ ಅಟ್ಟವನ್ನೂ ಮಾವನ ಬೊಬ್ಬೆ ಎದ್ದ ಅಂಗೈಯನ್ನೂ ನೋಡಿದಳು.

"ಮಾವ, ಮುಂದಿನ ಸಲ ಕಾಪಿ ಹೊಡೆಯೋದಿದ್ರೆ ಒಂದು ಮಾತು ಹೇಳಿ. ನಾನೂ ಬಾಟಲಿ ತರ್ತೀನಿ" ಎಂದಳು. ಆಮೇಲೆ ದನಿ ತಗ್ಗಿಸಿ, "ನಮ್ಮನೆ ಕಿಟಕಿ ಕಟ್ಟು ಹೆಂಗೂ ಮುರಿದುಹೋಗಿದೆ. ಇವತ್ತಿನ ಒಲೆಗೆ ಅದನ್ನ ತಗೊಳ್ಳಿ" ಎಂದಳು. ಆ ಮೇಲೆಯೇ ಬೀದಿ ನಕ್ಕದ್ದು.

ಮೇಡಂ ಗುಡ್ಡ ಹತ್ತಿ ಮೊದಲು ಬೋರ್ಡಿನ ಹಾಳೆಗಳನ್ನು ಕಿತ್ತರು. ಆಮೇಲೆ ಉಗ್ರಾಣದಲ್ಲಿ ಗೆದ್ದಲು ಕಾಯುತ್ತಿದ್ದ ಪರೀಕ್ಷಾ ಕೋಣೆಯ ಮುರುಕು ಡೆಸ್ಕುಗಳನ್ನು ಬೇಕರಿಗೆ ಕಳಿಸಬೇಕೆಂದು ಕೇಳಿದರು. ಸರ್ಕಾರಿ ಸ್ವತ್ತನ್ನು ಸುಡುವಂತಿಲ್ಲ ಎಂದರು ಕುಲಸಚಿವರು. ಮೇಡಂ ಯಾಕೆ ಎಂದರು. ಅವರು ಕಾರಣ ಹೇಳಿದರು. ಅದಕ್ಕೂ ಯಾಕೆ ಎಂದರು. ಕುಲಸಚಿವರ ಹತ್ತಿರ ಕಾರಣಗಳು ಮುಗಿದ ಮೇಲೆ ಸಹಿ ಬಿತ್ತು. ತಲೆಮಾರುಗಳ ಹುಡುಗರ ಬೆವರು ಕುಡಿದಿದ್ದ ಆ ಡೆಸ್ಕುಗಳು ಎಷ್ಟು ಚೆನ್ನಾಗಿ ಉರಿದವೆಂದರೆ, ಮೇಲೆ ಕೆತ್ತಿದ್ದ ಸೂತ್ರಗಳು ಹೊಗೆಯಲ್ಲಿ ಒಂದೊಂದಾಗಿ ಓದಲು ಸಿಗುತ್ತಿದ್ದವು ಎಂದು ಈಗಲೂ ಹೇಳುತ್ತಾರೆ.

ಗುಡ್ಡದ ಮೇಲೆ ಡೀಸೆಲ್ ಮುಗಿದು ಬೆಚ್ಚಗಿನ ಪೆಟ್ಟಿಗೆ ನಿಂತುಹೋದಾಗ ಮೇಡಂ ಬಾಟಲಿಗಳನ್ನೂ ಬೇಕರಿಗೇ ತಂದರು. ಒಲೆಯ ಮೇಲಿನ ಗೂಡು ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಈಗ ಮನೆಯವರೂ ವಿದ್ಯಾರ್ಥಿಗಳೂ ಒಟ್ಟಿಗೆ ನೀರು ಸೇದಿ, ಎಲ್ಲರ ಎದುರೇ ಔಷಧಿ ಬೆರೆಸಿ ಬಾಟಲಿ ಇಡುತ್ತಿದ್ದರು. ಪಾಸು ಫೇಲಿನ ಮಾತಿಲ್ಲ. ಕೆಸರು ಕುಡಿದು ಬಾವಿಗಳಿಗೆ ಹೊಟ್ಟೆ ಕೆಟ್ಟಿದೆ, ಆರೈಕೆ ಮಾಡಬೇಕು ಎಂದರು ಮೇಡಂ. ಕಾಯಿಲೆಗೆ ಯಾರ ನಾಚಿಕೆ? ನಮ್ಮ ಬಾವಿಗೆ ಜೋರಾಗಿದೆ, ಮೊದಲು ನಮ್ಮಲ್ಲಿಗೆ ಬನ್ನಿ ಎಂದು ಕರೆಯುವವರು ಹೆಚ್ಚಾದರು. ವ್ಯಾಯಾಮದ ಹುಡುಗರು ಒಂದೊಂದೇ ಬಾವಿಯ ಕೆಸರು ಬಳಿದು ತೆಗೆದರು, ಗೋಡೆ ಉಜ್ಜಿದರು, ಬ್ಲೀಚಿಂಗ್ ಪುಡಿ ಹಾಕಿದರು. ಬಾಟಲಿಗಳು ಒಂದೊಂದಾಗಿ ತಿಳಿಯಾಗತೊಡಗಿದವು. ಟೈಲರಕ್ಕನದೂ ತಿಳಿಯಾಯಿತು. ಮಾವನದು ಮಾತ್ರ ಮತ್ತೆ ಮತ್ತೆ ಕಪ್ಪು.

"ಮಾವ, ನನ್ನ ಬಾಟಲಿ ಪಕ್ಕದಲ್ಲೇ ಇದೆ. ಬೇಕಾದ್ರೆ ನೋಡ್ಕೊಂಡು ಬರ್ಕೊಳ್ಳಲಿ ಪಾಪ" ಎಂದಳು ಟೈಲರಕ್ಕ.

ಎಲ್ಲರ ಬಾವಿಗೂ ಒಂದೇ ಆರೈಕೆ, ಇದೊಂದಕ್ಕೆ ಯಾಕೆ ಹತ್ತುವುದಿಲ್ಲ? ಮೇಡಂ ಮತ್ತೊಮ್ಮೆ ತಳದವರೆಗೂ ಬಳಿಸಿದರು. ಕೆಸರಿನ ಕೆಳಗೆ ನೆರೆ ತಂದು ತುರುಕಿದ್ದ ಒಂದು ಕೊಳೆತ ಹಾಸಿಗೆ ಸಿಕ್ಕಿತು. ಸುರಂಗ ಕಾಣಬಹುದೆಂದು ಬಗ್ಗಿ ನೋಡುತ್ತಿದ್ದ ಚರಿತ್ರೆಯ ಮೇಷ್ಟ್ರಿಗೆ ಕಲ್ಲು ಮೇಷ್ಟ್ರು, "ಬೇಜಾರು ಮಾಡ್ಕೋಬೇಡಿ, ರಾಣಿ ಹಾಸಿಗೆ ಇರಬಹುದು" ಎಂದು ಸಮಾಧಾನ ಹೇಳಿದರು. ಅದಾದ ಮೇಲೆ ಇಟ್ಟ ಬಾಟಲಿ ಮರುದಿನವೂ ತಿಳಿಯಾಗಿಯೇ ಇತ್ತು. ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮೆರವಣಿಗೆ ಹೊರಟ. ಅವತ್ತು ಬಹಳ ದಿನಗಳ ಮೇಲೆ ಬೀದಿಯಲ್ಲಿ ಬ್ರೆಡ್ಡಿನ ವಾಸನೆ ಎದ್ದಿತು. ಆ ಬೀದಿಯಲ್ಲಿ ನೀರಿನಿಂದ ಒಂದು ಮಗುವೂ ಕಾಯಿಲೆ ಬಿದ್ದು ಮಲಗಲಿಲ್ಲ.

ಆಮೇಲೆ ಮೇಡಂ ವಿಭಾಗದ ಮುಖ್ಯಸ್ಥರಾದರು, ದೊಡ್ಡ ದೊಡ್ಡ ಸಭೆಗಳಿಗೆ ಹೋಗಿ ಬಂದರು. ಪರೀಕ್ಷೆಯಲ್ಲಿ ಹುಡುಗರು ಕಾಪಿ ಹೊಡೆದು ಸಿಕ್ಕಿಬಿದ್ದರೆ ಚೀಟಿ ಕಿತ್ತುಕೊಳ್ಳುವ ಮೊದಲು ಪಕ್ಕದಲ್ಲಿ ಕೂತು ಯಾಕೆ ಎಂದು ಕೇಳುವ ಅಭ್ಯಾಸ ಅವರಿಗೆ ಬಂದದ್ದು ನೆರೆಯ ನಂತರ. ಹಾಗೆ ಕೇಳಿಸಿಕೊಂಡ ಕೆಲವರು ಇದೇ ಸಂಪುಟದಲ್ಲಿ ಲೇಖನ ಬರೆದಿದ್ದಾರೆ. ಪ್ರತಿ ಮಳೆಗಾಲ ಮುಗಿದ ಮೇಲೆ ಅವರು ಬಾಟಲಿಗಳ ಬುಟ್ಟಿ ಹಿಡಿದು ಗುಡ್ಡ ಇಳಿಯುವುದು ತಪ್ಪಲಿಲ್ಲ. ಬೇಕರಿಯ ಗೂಡಿನಲ್ಲಿ ಬನ್ನುಗಳ ಪಕ್ಕ ಬಾಟಲಿಗಳು ಇಂದಿಗೂ ಕೂರುತ್ತವೆ. ಹೊಸಬರು ಏನದು ಎಂದು ಕೇಳಿದರೆ ಟೈಲರಕ್ಕನೇ ಪಾಠ ಮಾಡುತ್ತಾಳೆ.

ಹೋದ ವಾರ ಬೀದಿಯವರು ಬೇಕರಿಯಲ್ಲೇ ಒಂದು ಸಣ್ಣ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಮಾವ ಹಿತ್ತಲ ಬಾವಿಯಿಂದ ಆಗಷ್ಟೇ ಸೇದಿದ ಒಂದು ಲೋಟ ನೀರು ತಂದು ಕೊಟ್ಟ. ಮೇಡಂ ಅದನ್ನು ಬೆಳಕಿಗೆ ಹಿಡಿದರು, ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು, ತುಟಿಯ ಹತ್ತಿರ ತಂದು ಮಾವನ ಮುಖ ನೋಡಿದರು. ಮಾವ ಕೈ ಕಟ್ಟಿಕೊಂಡು ನಿಂತಿದ್ದ. ಮೇಡಂ ಎಂದೂ ಇಲ್ಲದ ಹಾಗೆ ಒಂದು ಹನಿ ಬಿಡದೆ ಕುಡಿದು ಮುಗಿಸಿದರು. ಖಾಲಿ ಲೋಟ ಕೆಳಗಿಟ್ಟು, "ಈ ನೀರು ಒಂಚೂರು ಸಿಹಿ ಇದೆಯಲ್ಲ, ಯಾಕೆ?" ಎಂದರು.

ಬೀದಿಯಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲ. ಮೇಡಂ ಇನ್ನು ಬಿಡುವಾಗಿ ಬಂದು ಅದನ್ನು ಹುಡುಕಲಿ. ಹುಡುಕಿ ಮುಗಿಸುವಷ್ಟು ಆಯಸ್ಸೂ, ಗುಡ್ಡ ಹತ್ತಿ ಇಳಿಯುವಷ್ಟು ಕಾಲಿನ ಕಸುವೂ ಅವರಿಗಿರಲಿ. ಮುಗಿಯುವ ಹೊತ್ತಿಗೆ ಇನ್ನೊಂದು ಯಾಕೆ ಹುಟ್ಟದೆ ಇರದು, ಆ ಲೆಕ್ಕದಲ್ಲಿ ನಮ್ಮ ಮೇಡಂ ಬಹಳ 
ಕಾಲ ನಮ್ಮ ಜೊತೆ ಇರುತ್ತಾರೆ.